ದೀಪದ ತಿರುವಿನಲ್ಲಿ ಎದ್ದ ಕೈ

ಸೈಕಲ್ ಪಂಪಿನ ಏಟು ಬಾಯಿಗೆ ಬಿದ್ದಾಗ ಅನಾತೋಲಿಯೊ ಸಿಯಾಚೊಕೆ ಹ್ಯಾಂಡಲ್ ಬಿಡಲಿಲ್ಲ. ಹಲ್ಲು ಮುರಿದ ಸದ್ದು ಹೊರಗಿನಿಂದಲ್ಲ, ತಲೆಯ ಒಳಗಿನಿಂದಲೇ ಕೇಳಿಸಿತು. ಕಾಲಡಿಯಲ್ಲಿ ಒಣಕಡ್ಡಿ ಲಟ್ಟೆಂದ ಹಾಗೆ. ಓಟದ ಸೈಕಲ್ಲುಗಳ ಗುಂಪು ಇಳಿಜಾರಿನಲ್ಲಿತ್ತು. ಬ್ರೇಕ್ ಹಿಡಿದರೆ ಹಿಂದಿನವರೆಲ್ಲ ಬೆನ್ನ ಮೇಲೆ. ಅವನು ಹಲ್ಲಿನ ಚೂರನ್ನು ನಾಲಗೆಯಿಂದ ತಡಕಿ, ರಕ್ತದ ಜೊತೆ ಉಗಿದು, ಹೊಡೆದವನ ಕಡೆ ನೋಡಿದ.

ಹಸಿರು ಅಂಗಿ. ಮೆದೆಯಿನ್‌ನ ಬಟ್ಟೆಗಿರಣಿಯ ತಂಡದವನು.

"ಏನೋ ಆಲೂಗಡ್ಡೆ, ಅಗಿಯೋಕೆ ಕಷ್ಟ ಆಯ್ತಾ?" ಎಂದು ಅವನು ನಕ್ಕ. ಅನಾತೋಲಿಯೊನ ಸೀಮೆಯಾದ ಬೊಯಾಕಾದವರನ್ನು ಮೆದೆಯಿನ್ ಇರುವ ಆಂತಿಯೋಕಿಯಾ ಸೀಮೆಯವರು ಕರೆಯುವುದೇ ಹಾಗೆ, ನೆಲದೊಳಗೆ ಬೆಳೆಯುವ ಜನ ಎಂದು.

ಅನಾತೋಲಿಯೊ ರಸ್ತೆ ಚರಂಡಿಯ ಪಕ್ಕಕ್ಕೆ ಹೊರಳುವವರೆಗೆ ಅವನ ಜೊತೆಜೊತೆಯಲ್ಲೇ ಇಳಿದ. ಆಮೇಲೆ ಮೊಣಕೈಯನ್ನು ಅವನ ಪಕ್ಕೆಲುಬಿನ ಸಂದಿಗೆ ಇಟ್ಟು, ಮನೆಯ ಬಾಗಿಲು ತಳ್ಳುವಷ್ಟೇ ನಿಧಾನವಾಗಿ ಒರಗಿದ. ಹಸಿರು ಅಂಗಿ, ಪಂಪು, ಸೈಕಲ್ ಎಲ್ಲವೂ ಚರಂಡಿಯೊಳಗೆ ಹೋದವು. ಹಿಂದೆ ಇನ್ನಷ್ಟು ಜನ ಅವನ ಮೇಲೆ ಬಿದ್ದು ಕೂಗಾಡಿದ್ದು ಕೇಳಿಸಿತು. ಅನಾತೋಲಿಯೊ ತಿರುಗಿ ನೋಡಲಿಲ್ಲ. ಮುಂದೆ ಹಳದಿ ಅಂಗಿಯ ಬೆನ್ನು ಕಾಣುತ್ತಿತ್ತು. ಅದಕ್ಕೆ ಗಾಳಿ ತಾಗದಂತೆ ನೋಡಿಕೊಳ್ಳುವುದು ಅವನ ಕೆಲಸ.

ಆ ಬೆನ್ನು ಲೆವಿ ಪುಲಿದೊನದು. ಲೆವಿ ನೀಲಿ ಅಂಗಿಯ ಟುಂಡಾಮಾ ಬಿಯರ್ ತಂಡದ ನಾಯಕ; ಇಡೀ ಓಟದಲ್ಲಿ ಎಲ್ಲರಿಗಿಂತ ಮುಂದಿದ್ದುದರಿಂದ ಅವನ ಮೈಮೇಲೆ ಹಳದಿ. ಅನಾತೋಲಿಯೊ ಅವನ ಆಳು. ಸೈಕಲ್ ತಂಡದಲ್ಲಿ ಒಬ್ಬ ಗೆಲ್ಲುತ್ತಾನೆ, ಉಳಿದವರು ಅವನು ಗೆಲ್ಲುವಂತೆ ಸವೆಯುತ್ತಾರೆ. ಎದುರುಗಾಳಿಗೆ ಎದೆ ಕೊಡುವುದು, ಹಿಂದೆ ಹೋಗಿ ಜೀಪಿನಿಂದ ಬೆಲ್ಲದ ನೀರಿನ ಬಾಟಲಿಗಳನ್ನು ಅಂಗಿಯೊಳಗೆ ತುಂಬಿಕೊಂಡು ಬರುವುದು, ನಾಯಕನ ಗಾಲಿ ಪಂಕ್ಚರ್ ಆದರೆ ತನ್ನ ಗಾಲಿ ಬಿಚ್ಚಿಕೊಟ್ಟು ರಸ್ತೆ ಬದಿಯಲ್ಲಿ ಕುಳಿತುಕೊಳ್ಳುವುದು. ಎದುರಾಳಿ ಮುಂದೆ ನುಗ್ಗಲು ಬಂದಾಗ ದಾರಿ ಕಟ್ಟುವುದು. ಈ ಕೊನೆಯ ಕೆಲಸದಲ್ಲಿ ಅನಾತೋಲಿಯೊನಷ್ಟು ಗಟ್ಟಿಗರು ಆ ಕಾಲದಲ್ಲಿ ಇರಲಿಲ್ಲ. ಜನ ಅವನನ್ನು ಮಣ್ಣುಗೋಡೆ ಎಂದು ಕರೆಯುತ್ತಿದ್ದರು. ಆ ಸೀಮೆಯ ಮನೆಗಳ ಗೋಡೆಗಳೆಲ್ಲ ತುಳಿದು ಬಿಗಿದ ಮಣ್ಣಿನವು. ಹೊಡೆದರೆ ಕೈ ನೋಯುತ್ತದೆ, ಮಾತಾಡಿಸಿದರೆ ಮಾತಾಡುವುದಿಲ್ಲ.

ಅವನು ಹುಟ್ಟಿದ್ದು ಸೊಗಮೊಸೊ ಊರಿನ ಹೊರಗೆ, ಇಟ್ಟಿಗೆ ಗೂಡುಗಳ ನಡುವೆ. ಉಸಿರಾಡಲು ಕಲಿತದ್ದೇ ಕಲ್ಲಿದ್ದಲ ಹೊಗೆಯಲ್ಲಿ. ಅಪ್ಪ ಕುಸ್ತೋದಿಯೊ ಇಟ್ಟಿಗೆ ಲಾರಿ ಓಡಿಸುತ್ತಿದ್ದ. ಒಮ್ಮೆ ವೆಂತೋರಾ ಬೆಟ್ಟದ ಇಳಿಜಾರಿನಲ್ಲಿ ಲಾರಿಯ ಬ್ರೇಕ್ ಕೈಕೊಟ್ಟಿತು. ಎಡಕ್ಕೆ ಕಮರಿ, ಬಲಕ್ಕೆ ಬಂಡೆ. ಬಂಡೆಗೆ ಉಜ್ಜುತ್ತ, ಕಿಡಿ ಹಾರಿಸುತ್ತ ಬಂದ ಲಾರಿ ಒಂದು ತಿರುವಿನಲ್ಲಿ ಡ್ರೈವರುಗಳನ್ನು ಕಾಯುವ ಕಾರ್ಮೆಲ್ ಮಾತೆಯ ಗುಡಿಗೂಡಿನ ಮುಂದೆ ಬಂದು ನಿಂತಿತು. ಅಪ್ಪ ಇಳಿದು, ಲಾರಿಯ ಒಂದು ಹೆಡ್‌ಲೈಟ್ ಕಿತ್ತು ಮಾತೆಯ ಪಾದದ ಬಳಿ ಇಟ್ಟ. ಜೀವ ಉಳಿದ ಡ್ರೈವರುಗಳೆಲ್ಲ ಅಲ್ಲಿ ಹಾಗೆಯೇ ಮಾಡುತ್ತಾರೆ. ದುಂಡು ದೀಪಗಳು, ಚೌಕ ದೀಪಗಳು, ಒಂದರ ಮೇಲೊಂದು, ಎದೆಯೆತ್ತರದ ಗೋಡೆಯಷ್ಟು. ಸೂರ್ಯ ಎದುರಿಗೆ ಬಂದಾಗ ಆ ಸತ್ತ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡ ಹಾಗೆ ಕಾಣುತ್ತವೆ. ಎಲ್ಲರೂ ಅದನ್ನು ದೀಪದ ತಿರುವು ಎನ್ನುತ್ತಾರೆ. ಆಮೇಲೆ ಅಪ್ಪ ಸಾಯುವವರೆಗೂ ಒಂಟಿಗಣ್ಣಿನ ಲಾರಿಯನ್ನೇ ಓಡಿಸಿದ. ಪೊಲೀಸರು ಹಿಡಿದರೆ, "ಇನ್ನೊಂದು ಕಣ್ಣು ಮಾತೆಯ ಹತ್ರ ಇದೆ ಸ್ವಾಮಿ, ಹೋಗಿ ಅವಳನ್ನೇ ಕೇಳಿ" ಎನ್ನುತ್ತಿದ್ದ.

ಮಗ ಆ ತಿರುವು ದಾಟಿದಾಗಲೆಲ್ಲ ಬಲಗೈ ಎತ್ತಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದ. ಲಾರಿಯಲ್ಲಿ ಅಪ್ಪನ ಪಕ್ಕ ಕುಳಿತಾಗ, ಸೈಕಲ್ಲಿನಲ್ಲಿ ಹಾಲಿನ ಕ್ಯಾನು ಹೊತ್ತಾಗ, ಆಮೇಲೆ ಓಟದ ಅಂಗಿ ತೊಟ್ಟಾಗ. ಅದು ಯೋಚಿಸಿ ಮಾಡುವ ಕೆಲಸವಾಗಿರಲಿಲ್ಲ. ಧೂಳು ಬಂದರೆ ಕಣ್ಣು ಮುಚ್ಚಿಕೊಳ್ಳುವುದಿಲ್ಲವೆ, ಹಾಗೆ.

ಅವನು ಎಂದೂ ಒಂದು ಓಟ ಗೆದ್ದವನಲ್ಲ. ಒಂದೇ ಒಂದು ಸಲ ಗೆಲುವಿನ ಗೆರೆ ಕಣ್ಣಿಗೆ ಕಂಡಿತ್ತು, ಪೈಪಾ ಊರಿನ ಬಳಿ. ಮುಂದೆ ಯಾರೂ ಇರಲಿಲ್ಲ. ಆಗ ಜೀಪಿನಿಂದ ಕೂಗು ಬಂತು: ಲೆವಿಗೆ ಪಂಕ್ಚರ್, ನಿಲ್ಲು. ನಿಂತ. ಗಾಲಿ ಬಿಚ್ಚಿ ಕೊಟ್ಟ. ಆ ವರ್ಷವೇ ಲೆವಿ ಅವನ ಮಗಳನ್ನು ಜ್ಞಾನಸ್ನಾನದ ತೊಟ್ಟಿಯ ಮುಂದೆ ಎತ್ತಿಕೊಂಡು ಅವಳ ಜ್ಞಾನಪಿತನಾದ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕರೆಯುವುದು ಕೊಂಪಾದ್ರೆ ಎಂದು. ರಕ್ತಸಂಬಂಧಕ್ಕಿಂತ ಗಟ್ಟಿ ಎಂದು ಜನ ನಂಬುವ ನಂಟು ಅದು.

"ಬೇರೆಯವರ ಗಂಡಂದಿರು ಕಪ್ಪು ತರ್ತಾರೆ," ಎನ್ನುತ್ತಿದ್ದಳು ಹೆಂಡತಿ ಎತೆಲ್ವಿನಾ, ಅವನ ಮೊಣಕಾಲಿನಿಂದ ಜಲ್ಲಿ ಕೀಳುತ್ತ. "ನನ್ನ ಗಂಡ ರಸ್ತೇನೇ ಮನೆಗೆ ತರ್ತಾನೆ. ಇನ್ನೊಂದಿಷ್ಟು ವರ್ಷ ತಂದ್ರೆ ಅಂಗಳಕ್ಕೆಲ್ಲ ಹಾಸಬಹುದು."

ಹಲ್ಲು ಮುರಿದ ಸಂಜೆ ತಂಡ ಒಂದು ಸಣ್ಣ ಊರಿನ ಹೋಟೆಲಿನಲ್ಲಿ ಊಟಕ್ಕೆ ಕುಳಿತಿತ್ತು. ಮರುದಿನ ಕಡೆಯ ಬೆಟ್ಟ, ವೆಂತೋರಾ. ಅದನ್ನು ಹತ್ತಿ, ಇಳಿದು, ಸೊಗಮೊಸೊ ಮುಟ್ಟುವಾಗ ಹಳದಿ ಅಂಗಿ ಯಾರ ಮೈಮೇಲಿರುತ್ತದೋ ದೇಶಸುತ್ತಿನ ಓಟ ಅವನದು. ಅದರ ಮರುದಿನ ರಾಜಧಾನಿಗೆ ಹೋಗುವುದು ಬರೀ ಮೆರವಣಿಗೆ. ಲೆವಿಗೂ ಗಿರಣಿ ತಂಡದ ಆರ್ನೋಬಿಯೊ ತಬಾರೆಸ್‌ಗೂ ನಡುವೆ ಇದ್ದ ಅಂತರ ಒಂದು ಸಿಗರೇಟು ಸೇದಿ ಮುಗಿಸುವಷ್ಟು ಹೊತ್ತಿನದೂ ಅಲ್ಲ. ಆರ್ನೋಬಿಯೊ ಇಪ್ಪತ್ತರ ಆಸುಪಾಸಿನವನು, ಹಕ್ಕಿಯಷ್ಟು ಹಗುರ. ಏರು ಬಂದರೆ ಅವನಿಗೆ ಭೂಮಿ ವಾಲಿದ್ದೇ ಗೊತ್ತಾಗುವುದಿಲ್ಲ ಎಂದು ಜನ ಹೇಳುತ್ತಿದ್ದರು.

ಗೋಧಿನುಚ್ಚಿನ ಗಂಜಿಯಲ್ಲಿ ಹಂದಿಯ ಬೆನ್ನೆಲುಬು ತೇಲುತ್ತಿತ್ತು. ಅನಾತೋಲಿಯೊ ರೊಟ್ಟಿಯನ್ನು ಅದರಲ್ಲಿ ನೆನೆಸಿ, ಬಾಯಿಯ ಒಂದೇ ಬದಿಯಿಂದ ನುಂಗುತ್ತಿದ್ದ. ತಂಡದ ಯಜಮಾನ ದೋನ್ ಅಬ್ದೆನಾಗೊ ಕಂಬಳಿ ಹೊದ್ದು ಮೇಜಿನ ತುದಿಗೆ ಬಂದು ಚಮಚಗಳನ್ನು ಸಾಲಾಗಿ ಇಟ್ಟ.

"ನಾಳೆ ಅವರು ಮೊದಲೇ ಒಬ್ಬನ್ನ ಮುಂದೆ ಬಿಡ್ತಾರೆ," ಎಂದು ಒಂದು ಚಮಚವನ್ನು ಮುಂದಕ್ಕೆ ತಳ್ಳಿದ. "ಅವನು ಗೆಲ್ಲೋಕೆ ಹೋಗೋದಲ್ಲ. ಅವನು ಗಾಳದ ಎರೆಹುಳ. ನಾವು ಅಟ್ಟಿಸ್ಕೊಂಡು ಹೋಗಿ ಸುಸ್ತಾಗ್ಲಿ ಅಂತ."

"ಹೋಗ್ಲಿ ಬಿಡಿ ಅಂತ ಸುಮ್ನಿದ್ರೆ?" ಎಂದ ಲೆವಿ.

"ಸುಮ್ನಿದ್ರೆ ಆ ಹುಳಾನೇ ಹಳದಿ ಅಂಗಿ ಹಾಕ್ಕೊಂಡು ಮೆದೆಯಿನ್‌ಗೆ ಹೋಗುತ್ತೆ. ಅಟ್ಟಿಸ್ಲೇಬೇಕು. ಎಲ್ಲರೂ ಅಟ್ಟಿಸಿ, ಒಬ್ಬನ್ನ ಬಿಟ್ಟು." ಅವನು ಅನಾತೋಲಿಯೊನ ಭುಜದ ಮೇಲೆ ಕೈ ಇಟ್ಟ. "ಗೋಡೆ, ನಾಳೆ ನೀನು ಯಾರಿಗೂ ಗಾಳಿ ತಡೀಬೇಡ, ನೀರು ತರಬೇಡ. ನಿನಗೇ ಬೇರೆಯವರು ತಂದುಕೊಡ್ತಾರೆ. ನೀನು ಆರ್ನೋಬಿಯೊನ ಹಿಂದಿನ ಗಾಲಿಗೆ ಉಣ್ಣಿ ಹಾಗೆ ಅಂಟ್ಕೊ. ಬೆಟ್ಟದಲ್ಲಿ ಅವನು ಹಾರ್ತಾನೆ. ಲೆವಿಗೆ ಅವನ ಹಿಂದೆ ಹೋಗೋಕಾಗಲ್ಲ. ನೀನು ಹೋಗು. ಅವನಿಗೆ ಒಂದು ಪೆಡಲ್ ಕೂಡ ಸಹಾಯ ಮಾಡ್ಬೇಡ."

"ಆಮೇಲೆ?"

"ಆಮೇಲೆ ದೀಪದ ತಿರುವು." ದೋನ್ ಅಬ್ದೆನಾಗೊ ಕುಳಿತುಕೊಂಡ. ಧ್ವನಿ ಇಳಿಸಲಿಲ್ಲ, ಅದೇ ಭಯಂಕರವಾಗಿತ್ತು. "ಆ ಹುಡುಗ ದೊಡ್ಡ ಭಕ್ತ. ಅಂಗಿಯೊಳಗೆ ಅವರಮ್ಮ ಹೊಲಿದ ತಾಯಿತ. ಗುಡಿ ಕಂಡ್ರೆ ಸಾಕು, ಕೈ ಹಣೆಗೆ ಹೋಗುತ್ತೆ. ನಾನು ಈ ಸುತ್ತು ಪೂರ್ತಿ ನೋಡಿದ್ದೀನಿ. ಇಳಿಜಾರಲ್ಲೂ ಬಿಡಲ್ಲ. ಆ ಹೊತ್ತಿಗೆ ಹ್ಯಾಂಡಲ್ ಮೇಲೆ ಒಂದೇ ಕೈ. ನಿನ್ನ ಭುಜ ಸಾಕು."

ಯಾರೋ ಎಲುಬು ಕಚ್ಚುವುದನ್ನು ನಿಲ್ಲಿಸಿದರು.

"ಅಲ್ಲಿ ಕಮರಿ ಇದೆ, ದೋನ್ ಅಬ್ದೆನಾಗೊ," ಎಂದ ಅನಾತೋಲಿಯೊ.

"ಎಡಕ್ಕೆ ಕಮರಿ, ಬಲಕ್ಕೆ ಮಾತೆ. ನೀನು ಯಾವ ಕಡೆ ಇರ್ಬೇಕು ಅಂತ ನಾನು ಹೇಳಿಕೊಡ್ಬೇಕಾ?"

"ಸತ್ತೋಗ್ತಾನೆ."

"ಓಟ ಅಂದ್ಮೇಲೆ ಬೀಳ್ತಾರೆ. ಇವತ್ತು ನಿನ್ನ ಹಲ್ಲು ಬೀಳಿಸ್ದೋರು ನಿನ್ನ ಕೇಳಿ ಬೀಳಿಸಿದ್ರಾ?" ಯಜಮಾನ ಎದ್ದ. "ಸುತ್ತು ಮುಗಿದ ವಾರ ದರ್ಜಿ ಬರ್ತಾನೆ, ಮುಂದಿನ ವರ್ಷದ ಅಂಗಿಗೆ ಅಳತೆ ತಗೊಳ್ಳೋಕೆ. ನಿನ್ನ ವಯಸ್ಸಿಗೆ ಬೇರೆ ಯಾವ ತಂಡಾನೂ ಅಂಗಿ ಹೊಲಿಸಲ್ಲ, ಗೋಡೆ. ನಿನ್ನ ಹೆಸರು ಹೇಳ್ಲೋ ಬೇಡ್ವೋ, ನಾಳೆ ನೀನೇ ತಿಳಿಸು."

ಅನಾತೋಲಿಯೊ ಮೇಜಿನ ಆಚೆ ಬದಿಗೆ ನೋಡಿದ. ಒಂದು ಮಾತು ಸಾಕಾಗಿತ್ತು. ಬೇಡ ಎಂದು ನಾಯಕ ಹೇಳಿದರೆ ಯಜಮಾನನೂ ಮೀರುತ್ತಿರಲಿಲ್ಲ. ಲೆವಿ ಬೆನ್ನೆಲುಬನ್ನು ಬಾಯಿಗಿಟ್ಟು ಮಜ್ಜೆ ಹೀರುತ್ತಿದ್ದ. ಹೀರಿ ಮುಗಿಸಿ, ಎಲುಬನ್ನು ತಟ್ಟೆಯ ಅಂಚಿಗೆ ಒರಗಿಸಿ, ಬೆರಳು ನೆಕ್ಕಿಕೊಂಡು, "ಗಂಜಿ ಚೆನ್ನಾಗಿದೆ," ಎಂದ.

ಬೆಳಿಗ್ಗೆ ಎಲ್ಲವೂ ಚಮಚಗಳು ಹೇಳಿದಂತೆಯೇ ನಡೆಯಿತು. ಊರು ದಾಟುವ ಮೊದಲೇ ಗಿರಣಿಯ ಒಬ್ಬ ಮುಂದೆ ಹಾರಿದ. ಬಿಯರ್ ತಂಡದ ಆಳುಗಳು ಸಾಲು ಕಟ್ಟಿ ಅಟ್ಟಿಸಿದರು. ಮುಂದಿನವನು ಗಾಳಿ ತಿಂದು ಬಸವಳಿದು ಪಕ್ಕಕ್ಕೆ ಸರಿದರೆ ಹಿಂದಿನವನು ಮುಂದೆ. ಅವನು ಸರಿದರೆ ಇನ್ನೊಬ್ಬ. ಗಿರಣಿಯವರು ಆ ಸಾಲಿನ ನಡುವೆ ಬಂದು ನುಸುಳಿ, ಬೇಕೆಂದೇ ಪೆಡಲ್ ನಿಲ್ಲಿಸಿ ಸಾಲು ಕಡಿಯುತ್ತಿದ್ದರು. ಬೈಗುಳ, ಉಗುಳು, ಬೆನ್ನಿಗೆ ಬಾಟಲಿ. ಒಬ್ಬ ಇನ್ನೊಬ್ಬನ ಅಂಗಿ ಹಿಡಿದೆಳೆದ. ಇಬ್ಬರೂ ಕಲ್ಲುಗುಡ್ಡೆಯ ಮೇಲೆ ಬಿದ್ದು, ಬಿದ್ದಲ್ಲೇ ಹೊಡೆದಾಡಿಕೊಂಡರು.

ಬೊಯಾಕಾದ ಜನ ತಮ್ಮ ಪಾಲಿನ ಕೆಲಸ ಮಾಡಿದರು. ಹಸಿರು ಅಂಗಿ ಕಂಡಲ್ಲೆಲ್ಲ ಕಲ್ಲು ಬಿತ್ತು. ಒಂದು ಸೇತುವೆಯ ಮೇಲೆ ಮೊಳೆ ಚೆಲ್ಲಿದ್ದರು. ಮೊಳೆಗೆ ಅಂಗಿಯ ಬಣ್ಣ ಗೊತ್ತಾಗುವುದಿಲ್ಲ, ಎರಡೂ ತಂಡದವರು ಬಿದ್ದರು. ರವಿಕೆಯಲ್ಲಿ ಬೆಣಚುಕಲ್ಲು ತುಂಬಿಕೊಂಡ ಒಬ್ಬ ಅಜ್ಜಿ, "ಹೊಡಿಯೋ ಗೋಡೆ, ಆ ಕಾಳು ತಿನ್ನೋ ಮೆದೆಯಿನ್‌ನವನ್ನ ಹೊಡಿ!" ಎಂದು ಕಿರುಚಿ, ಗುರಿ ತಪ್ಪಿ ಅನಾತೋಲಿಯೊನ ಕಿವಿಗೇ ಹೊಡೆದಳು. "ಅಯ್ಯೋ ನನ್ನಪ್ಪಾ, ನಿನಗಲ್ಲ!" ಎಂಬ ಕೂಗು ಹಿಂದೆ ಉಳಿಯಿತು.

ಆ ಗದ್ದಲದ ನಡುವೆ ಅನಾತೋಲಿಯೊನಿಗೆ ವಿಚಿತ್ರವೆನಿಸಿದ್ದು ಒಂದೇ. ಅವನು ದಣಿದಿರಲಿಲ್ಲ. ಒಬ್ಬ ಎಳೆಯ ಆಳು ನೀರು ತಂದುಕೊಟ್ಟ. ಇನ್ನೊಬ್ಬ ಸೀಬೆಹಣ್ಣಿನ ಮಿಠಾಯಿಯ ಎಲೆ ಬಿಡಿಸಿ ಕೈಗಿತ್ತ. ನಾಯಕರು ದಿನವೂ ಹೀಗೆಯೇ ಓಡುತ್ತಾರೆ ಎಂಬುದು ಅವನಿಗೆ ಅಂದು ಕಾಲಿನಿಂದ ಗೊತ್ತಾಯಿತು.

ವೆಂತೋರಾದ ಏರಿನಲ್ಲಿ ಎರೆಹುಳದಂತೆ ಬಿಟ್ಟವನು ಸಿಕ್ಕಿಬಿದ್ದ. ಅಷ್ಟರಲ್ಲಿ ಬಿಯರ್ ತಂಡದ ಕಾಲುಗಳು ಖಾಲಿ. ಆರ್ನೋಬಿಯೊ ಒಂದೇ ಸಲ ಹಿಂದೆ ತಿರುಗಿ ಲೆವಿಯ ಬಾಯಿ ತೆರೆದಿರುವುದನ್ನು ನೋಡಿದ, ಸೀಟಿನಿಂದ ಎದ್ದ, ಹೋದ. ಅನಾತೋಲಿಯೊ ಅವನ ಹಿಂದೆ ಹೋದ. ಲೆವಿಗೆ ಹೋಗಲಾಗಲಿಲ್ಲ. ದಾಟುವಾಗ ಲೆವಿಯ ಕಣ್ಣು ಅವನ ಕಣ್ಣಿಗೆ ಸಿಕ್ಕಿತು. ಅದರಲ್ಲಿ ಏನಿತ್ತೆಂದು ಅನಾತೋಲಿಯೊ ಆಮೇಲೆ ಬಹಳ ದಿನ ಹುಡುಕಿದ. ಬೆವರಿತ್ತು ಅಷ್ಟೆ.

ಮೇಲೆ ಮಂಜು. ರಸ್ತೆಯ ಎರಡೂ ಬದಿಗೆ ತುಪ್ಪಳದ ಎಲೆಯ ಗಿಡಗಳು ಆಳೆತ್ತರಕ್ಕೆ, ಪ್ರಾರ್ಥನೆಗೆ ನಿಂತ ಪಾದ್ರಿಗಳ ಹಾಗೆ. ಜನರ ಸಾಲು ಮುಗಿದಿತ್ತು. ಇಬ್ಬರ ಉಸಿರು ಮಾತ್ರ.

"ಮುಂದೆ ಬಾರೋ ಮುದುಕಾ," ಎಂದ ಆರ್ನೋಬಿಯೊ. "ಎಷ್ಟು ಹೊತ್ತು ನನ್ನ ಬಾಲ ಹಿಡ್ಕೊಂಡು ಬರ್ತೀಯ?"

ಅನಾತೋಲಿಯೊ ಅದೇ ಗಾಲಿಗೆ ಅಂಟಿಕೊಂಡು ಹತ್ತಿದ.

"ನಿಮ್ಮ ನಾಯಕ ಅಲ್ಲಿ ಕೆಳಗೆ ರಕ್ತ ಕಕ್ತಿದಾನೆ. ನೀನು ನನ್ನ ಜೊತೆ ಕೆಲಸ ಮಾಡು, ಇವತ್ತಿನ ಗೆರೆ ನಿನಗೇ ಬಿಡ್ತೀನಿ. ಹಳದಿ ಅಂಗಿ ನನಗೆ, ಇವತ್ತಿನ ಗೆಲುವು ನಿನಗೆ. ನಿನ್ನ ಊರಲ್ಲೇ ಕಣೋ! ಹೆಂಡ್ತಿ ಮುಂದೆ!"

ಇಂಥ ಮಾತುಕತೆ ಓಟದಲ್ಲಿ ಹೊಸದಲ್ಲ. ಅದು ತಪ್ಪೂ ಅಲ್ಲ. ಅನಾತೋಲಿಯೊನ ಬಾಯಿಯಲ್ಲಿ ಮುರಿದ ಹಲ್ಲಿನ ಬೇರು ಚಳಿಗೆ ಜುಮುಗುಟ್ಟುತ್ತಿತ್ತು. ಅವನು ತಲೆ ಅಲ್ಲಾಡಿಸಿದ.

"ಆಳು ಅಂದ್ರೆ ಆಳೇ," ಎಂದು ಆರ್ನೋಬಿಯೊ ಸೈಕಲ್ಲನ್ನು ಸರಕ್ಕನೆ ಪಕ್ಕಕ್ಕೆ ಹೊರಳಿಸಿ ಅವನನ್ನು ಚರಂಡಿಗೆ ತಳ್ಳಲು ನೋಡಿದ. ಆಗಲಿಲ್ಲ. ಮತ್ತೆ ನೋಡಿದ. ಕಾಲೆತ್ತಿ ಅವನ ಮುಂದಿನ ಗಾಲಿಗೆ ಒದೆಯಲು ಹೋದ. ಅನಾತೋಲಿಯೊ ಆ ಕಾಲಿನ ಮೀನಖಂಡಕ್ಕೆ ಮುಷ್ಟಿಯಿಂದ ಗುದ್ದಿದ. ಇಬ್ಬರೂ ಹಲ್ಲು ಕಚ್ಚಿಕೊಂಡು ಹತ್ತಿದರು. ಹುಡುಗನ ಮೇಲೆ ಅವನಿಗೆ ಕನಿಕರವೇನೂ ಹುಟ್ಟಲಿಲ್ಲ. ಹುಟ್ಟಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಬೆಟ್ಟದ ನೆತ್ತಿಯಲ್ಲಿ ಇಬ್ಬರೂ ಹಳೆಯ ಪತ್ರಿಕೆಯ ಹಾಳೆ ಎದೆಯ ಮೇಲೆ ತುರುಕಿಕೊಂಡು ಇಳಿದರು. ಹಾಳೆಗಳು ಗಾಳಿಗೆ ಪಟಪಟ ಎಂದವು. ಮಂಜು ಹರಿಯಿತು. ಕೆಳಗೆ ಸೊಗಮೊಸೊದ ಇಟ್ಟಿಗೆ ಗೂಡುಗಳ ಹೊಗೆ ಕಂಡಿತು, ಅದರಾಚೆ ಬಯಲು. ಆ ಬಯಲಿನಲ್ಲಿ ಎತೆಲ್ವಿನಾ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿರುತ್ತಾಳೆ. ಅವನು ಒಂದೊಂದೇ ತಿರುವಿಗೆ ಬಲಬದಿಗೆ ಸರಿದ. ಹುಡುಗ ಎಡಕ್ಕೆ, ಕಮರಿಯ ಕಡೆಗೆ. ಭುಜಕ್ಕೆ ಭುಜ ತಾಗುವಷ್ಟು ಹತ್ತಿರ.

ದೀಪದ ತಿರುವು ಬಂತು. ಸೂರ್ಯ ಎದುರಿಗಿದ್ದ. ದೀಪಗಳ ಗೋಡೆ ಒಮ್ಮೆಗೇ ಹೊತ್ತಿಕೊಂಡಿತು.

ಆರ್ನೋಬಿಯೊನ ಬಲಗೈ ಹ್ಯಾಂಡಲ್ ಬಿಟ್ಟು ಹಣೆಗೆ ಏರಿತು. ಅನಾತೋಲಿಯೊ ಭುಜ ಹೂಡಿದ. ತಳ್ಳಬೇಕಾದರೆ ಹ್ಯಾಂಡಲ್ಲಿನ ಮೇಲೆ ಎರಡೂ ಕೈ ಊರಿ ಬಿಗಿಯಬೇಕು. ಬಲಗೈ ಬಿಗಿಯಲು ನೋಡಿದ. ಬಲಗೈ ಅಲ್ಲಿರಲಿಲ್ಲ. ಅದು ಅವನ ಹಣೆಯ ಮೇಲಿತ್ತು.

ಭುಜಕ್ಕೆ ಭುಜ ತಾಗಿದ್ದು ಒಂದು ಗಳಿಗೆ. ಹುಡುಗ ಓಲಾಡಿ ಕಮರಿಯ ಅಂಚಿನ ಜಲ್ಲಿಗೆ ಹೋದ, ಗಾಲಿ ಜಾರಿತು, ಹಿಡಿತ ಸಿಕ್ಕಿತು, ರಸ್ತೆ ಹಿಡಿದು ಇಳಿದೇಬಿಟ್ಟ. ಅನಾತೋಲಿಯೊನ ಒಂಟಿ ಎಡಗೈಯಲ್ಲಿ ಹ್ಯಾಂಡಲ್ ತಿರುಚಿಕೊಂಡಿತು. ಮುಂದಿನ ಗಾಲಿ ಅಡ್ಡ ನಿಂತಿತು. ಅವನು ಮಾತೆಯ ಗೂಡಿಗೆ ತಲೆಗೊಟ್ಟು ಹಾರಿ ದೀಪಗಳ ನಡುವೆ ಬಿದ್ದ. ಡ್ರೈವರುಗಳ ಹರಕೆಯೆಲ್ಲ ಅವನ ಬೆನ್ನಡಿಯಲ್ಲಿ ಪುಡಿಯಾಯಿತು. ಗಾಜು ರಸ್ತೆಯುದ್ದಕ್ಕೂ ಚೆಲ್ಲಿತು, ಆಲಿಕಲ್ಲು ಬಿದ್ದ ಹಾಗೆ.

ಕಣ್ಣು ಬಿಟ್ಟಾಗ ಕೊರಳೆಲುಬು ಅಂಗಿಯನ್ನು ಒಳಗಿನಿಂದ ಎತ್ತಿಹಿಡಿದಿತ್ತು. ಹಣೆಯ ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಬಲಗೈ ಬೆರಳುಗಳು ತನ್ನದೇ ಸೈಕಲ್ಲಿನ ಹಿಂದಿನ ಗಾಲಿಯ ಕಡ್ಡಿಗಳಲ್ಲಿ ಸಿಕ್ಕಿಕೊಂಡಿದ್ದವು. ಆ ಗಾಲಿ ಸೊಟ್ಟಗಾಗಿರಲಿಲ್ಲ. ಇನ್ನೂ ಮೆಲ್ಲಗೆ ತಿರುಗಲು ನೋಡುತ್ತಿತ್ತು.

ಮೇಲಿನಿಂದ ಚೈನಿನ ಸದ್ದು ಬಂತು. ಲೆವಿ, ಅವನ ಹಿಂದೆ ಹೇಗೋ ಚೇತರಿಸಿಕೊಂಡ ಇಬ್ಬರು ಆಳುಗಳು. ಬಿದ್ದವನನ್ನು ಕಂಡರೂ ಲೆವಿ ವೇಗ ಇಳಿಸಲಿಲ್ಲ. ಕೈ ಎತ್ತಿ ಮಾತೆಗೆ ಶಿಲುಬೆಯ ಗುರುತು ಹಾಕಿಕೊಂಡ, ಗಾಜಿನ ಮೇಲೆ ಹಾಯ್ದ. ಟುಸ್ಸೆಂದಿತು. ಹಿಂದಿನ ಟೈರು.

ಲೆವಿ ಇಳಿದು ನಿಂತು ಸುತ್ತ ನೋಡಿದ. ಜೀಪು ಬೆಟ್ಟದ ಆಚೆ ಜನರ ನಡುವೆ ಸಿಕ್ಕಿಕೊಂಡಿತ್ತು. ಬಿಡಿ ಟೈರು ಅಂಟಿಸಿ ಗಾಳಿ ತುಂಬಲು ಹೊತ್ತಿರಲಿಲ್ಲ.

"ನನ್ನ ಗಾಲಿ ತಗೋ, ನಾಯಕ," ಎಂದ ಆಳುಗಳಲ್ಲಿ ಒಬ್ಬ.

"ನಿನ್ನದು ಬೇಡ. ಬಯಲಲ್ಲಿ ಎದುರುಗಾಳಿ ಇದೆ. ಅವನೊಬ್ಬನೇ, ನಾವು ಮೂವರಿದ್ರೆ ಹಿಡೀಬಹುದು." ಲೆವಿ ಆಗಲೇ ಅನಾತೋಲಿಯೊನ ಕಡೆ ಬರುತ್ತಿದ್ದ. "ಇವನದು ಹೇಗಿದ್ರೂ ಮುಗೀತು."

ಅವನು ಬಾಗಿ ಹಿಂದಿನ ಗಾಲಿ ಬಿಡಿಸಿದ. ಎಳೆದ. ಬರಲಿಲ್ಲ. ಕಡ್ಡಿಗಳ ನಡುವೆ ಬೆರಳುಗಳು ಬಿಗಿದಿದ್ದವು.

"ಬಿಡು ಕೊಂಪಾದ್ರೆ."

"ನಿನ್ನೆ ಯಾಕೆ ಮಾತಾಡ್ಲಿಲ್ಲ?" ಎಂದ ಅನಾತೋಲಿಯೊ. ಬಾಯಿ ತುಂಬ ರಕ್ತ. ಮಾತು ಗುಳ್ಳೆಯಾಗಿ ಬಂತು.

"ಏನು?"

"ಗಂಜಿ ಕುಡೀವಾಗ. ಬೇಡ ಅನ್ನಬಹುದಿತ್ತಲ್ಲ."

"ಗಾಲಿ ಬಿಡು. ಹುಡುಗ ಹೋಗ್ತಿದಾನೆ."

ಅನಾತೋಲಿಯೊ ಬಿಡಲಿಲ್ಲ. ಹನ್ನೊಂದು ವರ್ಷ ಕೇಳಿದಾಗಲೆಲ್ಲ ಕೊಟ್ಟವನು ಅಂದು ಹಿಡಿದುಕೊಂಡ. ಲೆವಿ ಒಂದು ಸಲ ರಸ್ತೆಯ ಕೆಳಗೆ ನೋಡಿದ. ಅಟ್ಟೆಗೆ ತಗಡು ಬಡಿದ ಷೂ ಎತ್ತಿ, ಆ ಬೆರಳುಗಳ ಮೇಲಿಟ್ಟು, ಮೈಭಾರ ಬಿಟ್ಟ. ಹಲ್ಲು ಮುರಿದಾಗ ಬಂದಂಥದೇ ಸದ್ದು ಬಂತು, ಒಂದಲ್ಲ, ಎರಡು. ಆಳುಗಳು ಮುಖ ತಿರುಗಿಸಿಕೊಂಡರು. ಗಾಲಿ ಕೈಗೆ ಬಂತು.

ಸೈಕಲ್ ಏರುತ್ತ ಲೆವಿ, "ನಾಳೆ ಮಾತಾಡೋಣ ಕೊಂಪಾದ್ರೆ," ಎಂದ.

ಅವನನ್ನು ಎತ್ತಿ ಕೂರಿಸಿಕೊಂಡದ್ದು ಈರುಳ್ಳಿ ಲಾರಿಯ ಡ್ರೈವರು. ಲಾರಿಯ ರೇಡಿಯೊ ಅರಚುತ್ತಿತ್ತು. ಬಯಲಿನ ಗಾಳಿಯಲ್ಲಿ ಆರ್ನೋಬಿಯೊ ಒಬ್ಬನೇ, ಹಿಂದೆ ಮೂವರು ಸರದಿಯ ಮೇಲೆ ಎಳೆಯುತ್ತ. ಊರಿನ ಬಾಗಿಲಲ್ಲಿ ಹಿಡಿದೇಬಿಟ್ಟರು. ಹಳದಿ ಅಂಗಿ ಲೆವಿಯದೇ. ಯಾರನ್ನೂ ಕಮರಿಗೆ ತಳ್ಳದೆಯೂ ಅದು ಅವನದೇ ಆಗಿತ್ತು. ಆಮೇಲೆ ಲೆವಿಯ ಧ್ವನಿ, ಏದುಸಿರು: "ಈ ಗೆಲುವು ನನ್ನದಲ್ಲ. ಎಲುಬು ಮುರಿದು ಬಿದ್ದಿದ್ದ ನನ್ನ ಕೊಂಪಾದ್ರೆ ತನ್ನ ಕೈಯಾರೆ ಗಾಲಿ ಬಿಚ್ಚಿಕೊಟ್ಟ..." ಜನ ಕೂಗಿದ್ದಕ್ಕೆ ರೇಡಿಯೊ ಕರಕರ ಎಂದಿತು.

"ಸ್ವಾಮೀ, ಅದು ನೀವೇನಾ!" ಡ್ರೈವರು ಸ್ಟೀರಿಂಗ್ ಬಿಟ್ಟು ಕೈಮುಗಿದ. "ಸಂತರು ನೀವು, ಸಂತರು! ತಗೊಳ್ಳಿ, ಒಂದು ಗುಟುಕು ಹಾಕಿ."

"ದೀಪ ಒಡೆದುಹೋದವು," ಎಂದ ಅನಾತೋಲಿಯೊ.

ಮನೆಯಲ್ಲಿ ಎತೆಲ್ವಿನಾ ಕೈಯ ಬಟ್ಟೆ ಬಿಚ್ಚಿ ಬಿಸಿನೀರಿನಲ್ಲಿ ತೊಳೆದಳು. ಜಲ್ಲಿಯ ಗಾಯ, ಗಾಜಿನ ಗಾಯ ಅವಳಿಗೆ ಗೊತ್ತಿದ್ದವು. ಇದು ಅದಲ್ಲ. ಎರಡು ಬೆರಳ ಮೇಲೆ ಅಡ್ಡಕ್ಕೆ ಒಂದು ನೇರ ಗೆರೆ, ಗೆರೆಯ ಪಕ್ಕ ಮೊಳೆಗಳ ಚುಕ್ಕೆ. ಗಂಡನ ಸೈಕಲ್ ಷೂಗಳನ್ನು ವರ್ಷಗಟ್ಟಲೆ ಒರೆಸಿದವಳು ಅವಳು. ಅವಳು ಹೊಸ ಬಟ್ಟೆ ಸುತ್ತಿ ಗಂಟು ಬಿಗಿದಳು.

ರಾಜಧಾನಿಯ ಮೆರವಣಿಗೆ ಮುಗಿಸಿ ಲೆವಿ ಬಂದ. ಒಂದು ಕೈಯಲ್ಲಿ ಕೋಳಿ, ಇನ್ನೊಂದರಲ್ಲಿ ಮಗುವಿಗೆ ಬೊಂಬೆ. ಹಿಂದೆ ದೋನ್ ಅಬ್ದೆನಾಗೊ, ಅವನ ಹಿಂದೆ ಕೊರಳಿಗೆ ಟೇಪು ಹಾಕಿಕೊಂಡ ದರ್ಜಿ.

"ಎಲ್ಲಿ ನಮ್ಮ ವೀರ?" ಎಂದ ಯಜಮಾನ. "ಅಳತೆ ಕೊಡಪ್ಪ ಗೋಡೆ. ರೇಡಿಯೊದಲ್ಲೆಲ್ಲ ನಿನ್ನದೇ ಹೆಸರು. ಕೈ ವಾಸಿಯಾಗೋವರೆಗೂ ಕಾಯ್ತೀವಿ."

ಎತೆಲ್ವಿನಾ ಬಾಗಿಲಿಗೆ ಬಂದು ನಿಂತಳು. "ಬನ್ನಿ," ಎಂದಳು. "ಕೊಂಪಾದ್ರೆ, ನೀವು ಮಾತ್ರ ಷೂ ಹೊರಗೆ ಬಿಟ್ಟು ಬನ್ನಿ."

ಆ ಚಳಿಯ ಊರಿನಲ್ಲಿ ಯಾರೂ ಯಾರಿಗೂ ಹಾಗೆ ಹೇಳುವುದಿಲ್ಲ. ಲೆವಿ ತನ್ನ ಪಾದ ನೋಡಿಕೊಂಡ. ಅಂದು ತೊಟ್ಟಿದ್ದು ಹೊಸ ಬೂಟು, ಮಿರುಗುವ ಕಪ್ಪು. ಆದರೂ ನೋಡಿಕೊಂಡ. ಕೋಳಿಯನ್ನು ಹೊಸಿಲ ಬಳಿ ಇಳಿಸಿ, ಬೊಂಬೆಯನ್ನು ಅದರ ಪಕ್ಕ ಕೂರಿಸಿ, ತಿರುಗಿ ನಡೆದುಬಿಟ್ಟ.

"ಏನಾಯ್ತು ಇವನಿಗೆ?" ಎಂದ ಯಜಮಾನ.

ಒಳಗಿನಿಂದ ಅನಾತೋಲಿಯೊ ಹೇಳಿದ: "ದೋನ್ ಅಬ್ದೆನಾಗೊ, ದರ್ಜಿಗೆ ನನ್ನ ಹೆಸರು ಹೇಳ್ಬೇಡಿ."

ಅವನು ಇಟ್ಟಿಗೆ ಲಾರಿ ಓಡಿಸಲು ತೊಡಗಿದ. ಮೊದಲ ಸಲ ಲಾರಿ ವೆಂತೋರಾ ಇಳಿದಾಗ ದೀಪದ ತಿರುವಿನಲ್ಲಿ ನಿಲ್ಲಿಸಿ, ಒಂದು ಹೆಡ್‌ಲೈಟ್ ಕಿತ್ತ. ಬಲಗೈಯ ಎರಡು ಬೆರಳು ಮಡಚದ ಕಾರಣ ಬಹಳ ಹೊತ್ತು ಹಿಡಿಯಿತು. ಬರಿದಾಗಿದ್ದ ಮಾತೆಯ ಪಾದದ ಬಳಿ ಅದೊಂದೇ ದೀಪ ಇಟ್ಟ. ಉಳಿದ ಡ್ರೈವರುಗಳು ಹೇಗೂ ತುಂಬುತ್ತಾರೆ, ಬ್ರೇಕುಗಳು ಕೈಕೊಡುತ್ತಿರುವಷ್ಟು ಕಾಲ.

ಸೊಗಮೊಸೊದ ಬಿಯರ್ ಅಂಗಡಿಗಳಲ್ಲಿ ಇಂದಿಗೂ ಅವನು ಗಾಲಿ ಕೊಟ್ಟ ಕಥೆ ಹೇಳುತ್ತಾರೆ. ಅವನು ಅಲ್ಲೇ ಕುಳಿತಿದ್ದರೆ ಬಲಗೈಯನ್ನು ಕಂಬಳಿಯೊಳಗೆ ಎಳೆದುಕೊಳ್ಳುತ್ತಾನೆ.

ಮುಂದಿನ ವರ್ಷ ಓಟ ಮತ್ತೆ ಆ ದಾರಿಯಲ್ಲಿ ಬಂದಾಗ ಅವನು ಪೊರಕೆ ಹಿಡಿದು ತಿರುವಿನಲ್ಲಿದ್ದ. ಜಲ್ಲಿ ಗುಡಿಸಿ, ಮಾತೆಗೆ ಬೆನ್ನು ಮಾಡಿ, ರಸ್ತೆಗೆ ಮುಖ ಮಾಡಿ ನಿಂತ. ಮೊದಲ ಸೈಕಲ್ಲುಗಳು ಮೇಲೆ ಕಂಡದ್ದೇ ಕೂಗಿದ: "ಎರಡೂ ಕೈ! ಎರಡೂ ಕೈಲಿ ಹಿಡೀರೋ! ನಿಮ್ಮ ಶಿಲುಬೆ ನಾನು ಹಾಕ್ತೀನಿ!" ಮಡಚದ ಬೆರಳಿನ ಕೈಯನ್ನು ಹಣೆಗೆ, ಎದೆಗೆ, ಭುಜಗಳಿಗೆ ಮುಟ್ಟಿಸಿದ. ಹಸಿರು ಅಂಗಿಗೂ ಹಾಕಿದ, ನೀಲಿಗೂ ಹಾಕಿದ.

ಆರ್ನೋಬಿಯೊ ಎರಡೂ ಕೈ ಬಿಗಿಹಿಡಿದು ಬಂದ. "ಆಲೂಗಡ್ಡೆ!" ಎಂದು ಕೂಗಿ, ನಕ್ಕು, ಇಳಿದುಹೋದ.

ಲೆವಿ ಒಬ್ಬನೇ ಬಂದ, ಹಿಂದೆ ಬಿದ್ದಿದ್ದ. ಅಭ್ಯಾಸದಂತೆ ಅವನ ಬಲಗೈ ಹ್ಯಾಂಡಲ್ ಬಿಟ್ಟು ಮೇಲೆದ್ದಿತು. ನಿಂತವನು ಯಾರೆಂದು ಕಂಡಿತು. ಕೈ ಅರ್ಧದಲ್ಲೇ ತಿರುಗಿ ಹ್ಯಾಂಡಲ್ಲಿಗೆ ಬಂತು. ತಲೆ ತಗ್ಗಿಸಿ ತಿರುವು ದಾಟಿದ.

ಅನಾತೋಲಿಯೊ ಅವನಿಗೂ ಹಾಕಿದ. ಸ್ವಲ್ಪ ತಡವಾಗಿ, ಚೈನಿನ ಸದ್ದು ಕೇಳಿಸದಂತಾದ ಮೇಲೆ.